ಇಂಡಿ ಮನೆಯ ನೀರು

ನಮ್ಮ ಆಯಿ ಎರಡು ಸಲ ಸತ್ತಳು. ಚೇಷ್ಟೆಗೆ ಹೇಳುತ್ತಿಲ್ಲ. ಎರಡು ಸಲವೂ ಊರೂರಿಗೆ ಸುದ್ದಿ ಹೋಯಿತು, ಎರಡು ಸಲವೂ ಕುಣಿ ತೋಡಿದರು, ಎರಡು ಸಲವೂ ಒಂದೇ ಫ್ಲೆಕ್ಸನ್ನು ಊರ ಅಗಸಿ ಬಾಗಿಲಿಗೆ ಕಟ್ಟಿದರು. ಮೊದಲನೆಯ ಸಲ ನಾನು ಅವಳ ಹೆಣದ ಮುಂದೆ ಕುಳಿತು ಬಾಯಿ ಬಿಟ್ಟೆ. ಆಮೇಲೆ ಆದದ್ದನ್ನು ಇವತ್ತಿಗೂ ಮರೆಯಲಾಗಿಲ್ಲ.

ಆಯಿ ಎಂದರೆ ನಮ್ಮಪ್ಪನ ಅವ್ವ. ಬಸವನ ಬಾಗೇವಾಡಿ ಕಡೆಯಿಂದ ನಾಲತವಾಡದ ಹತ್ತಿರದ ನಮ್ಮೂರಿಗೆ ಹದಿಮೂರು ವರ್ಷದ ಸೊಸೆಯಾಗಿ ಬಂದವಳು. ವಯಸ್ಸು ಎಷ್ಟೆಂದು ಅವಳಿಗೂ ಗೊತ್ತಿರಲಿಲ್ಲ, ಆಧಾರ್ ಕಾರ್ಡಿಗೂ ಗೊತ್ತಿರಲಿಲ್ಲ. ಕಾರ್ಡಿನ ಪ್ರಕಾರ ಅವಳು ತನ್ನ ದೊಡ್ಡ ಮಗನಿಗಿಂತ ಒಂಬತ್ತೇ ವರ್ಷ ದೊಡ್ಡವಳು. "ಬರಕೊಳ್ಳಲಿ ಬಿಡು, ಸರಕಾರಕ್ಕ ಹೆರಿಗಿ ಬ್ಯಾನಿ ಏನ ಗೊತ್ತು?" ಎಂದು ನಗುತ್ತಿದ್ದಳು. ಕಡೆಯ ಮಗ ತೊಟ್ಟಿಲಲ್ಲಿರುವಾಗಲೇ ಗಂಡ ಹೋದ. ಅಂದಿನಿಂದ ಎರಿ ಹೊಲ, ದನ, ನಾಲ್ಕು ಗಂಡುಮಕ್ಕಳು, ಆಮೇಲೆ ನಾಲ್ಕು ಸೊಸೆಯರು, ಹನ್ನೊಂದು ಮೊಮ್ಮಕ್ಕಳು, ಎಲ್ಲರನ್ನೂ ಅವಳೇ ಆಳಿದಳು. ಸೊಸೆಯರು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿದು ನೋಡುವಳು. ಎಲ್ಲಿಯಾದರೂ ದಪ್ಪವಿದ್ದರೆ "ಇದನ್ನ ಎತ್ತಿಗೆ ಹಾಕು" ಎನ್ನುವಳು. ನಾನು ಬಡಿದ ಎಷ್ಟೋ ರೊಟ್ಟಿಗಳನ್ನು ನಮ್ಮ ಎತ್ತುಗಳು ತಿಂದಿವೆ.

ಆದರೆ ಅವಳು ಹೆಸರಾದದ್ದು ಅಳುವುದಕ್ಕೆ. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಸುಮ್ಮನೆ ಅಳುವುದಿಲ್ಲ, ಹಾಡ್ಯಾಡಿ ಅಳುತ್ತಾರೆ. ಸತ್ತವರ ಬದುಕನ್ನು ರಾಗ ಮಾಡಿ ಅವರ ಮುಖಕ್ಕೇ ಹೇಳುತ್ತಾರೆ. ಮಾಡಿದ ಉಪಕಾರ, ಕೊಟ್ಟ ಕಾಟ, ಇಬ್ಬರಿಗಷ್ಟೇ ಗೊತ್ತಿದ್ದ ಗುಟ್ಟು, ಎಲ್ಲ ಹೊರಗೆ ಬೀಳುತ್ತದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ, ನಾಲ್ಕೂ ತಾಲೂಕಿನ ನಮ್ಮ ಬೀಗರಲ್ಲಿ ಎಲ್ಲಿ ಸಾವಾಗಿ ಮಣ್ಣಿದ್ದರೂ ಆಯಿಯ ಚೀಲ ಸಿದ್ಧವಾಗಿರುತ್ತಿತ್ತು. ಅವಳು ಹೋಗಿ ಕೂತು ಬಾಯಿ ತೆಗೆದರೆ ಹೊರಗೆ ಬೀಡಿ ಸೇದುತ್ತಿದ್ದ ಗಂಡಸರೂ ಕಣ್ಣು ಒರೆಸಿಕೊಳ್ಳುತ್ತಿದ್ದರು.

ಅವಳಿಗೆ ಇದರಲ್ಲಿ ಮೂರು ಕಟ್ಟಳೆ ಇದ್ದವು. ಮುಖ ನೋಡಿ ಅಳಬೇಕು. ಮುಖ ಮುಚ್ಚಿದ ಮೇಲೆ, ಮಣ್ಣಾದ ಮೇಲೆ ಅಳುವುದು ಅಳುವೇ ಅಲ್ಲ. ಅಳುವಾಗ ಸುಳ್ಳು ಹೇಳಬಾರದು. ಇನ್ನು ಮೂರನೆಯದು, ಹೆಣದ ಮುಂದೆ ಆಡಿದ ಮಾತನ್ನು ಆಮೇಲೆ ಯಾರೂ ಎತ್ತಬಾರದು. ಅದು ಸತ್ತವರ ಜೋಡಿ ಕುಣಿಗೆ ಹೋಯಿತು, ಮುಗಿಯಿತು. ಕಾಲೇಜು ಓದುವಾಗ ನನಗೆ ಇದೆಲ್ಲ ನಾಚಿಕೆಯಾಗುತ್ತಿತ್ತು. "ಆಯಿ, ಸತ್ತೋರಿಗೆ ಕಿವಿ ಕೇಳಸ್ತಾವೇನ?" ಎಂದು ಚುಡಾಯಿಸಿದ್ದೆ. "ನೀ ಸಾಯೂತನಕ ತಡಿ, ಗೊತ್ತಾಗತೈತಿ" ಎಂದಿದ್ದಳು.

ಆಯಿಗೆ ಒಬ್ಬಳೇ ಅಕ್ಕ. ಇಂಡಿಯಲ್ಲಿ ಲಿಂಬೆ ತೋಟದ ಮನೆಗೆ ಕೊಟ್ಟಿದ್ದರು. ವರ್ಷಕ್ಕೆ ಎರಡು ಸಲ ಅಕ್ಕತಂಗಿಯರು ಕೂಡುತ್ತಿದ್ದರು, ಕೂಡಿದರೆ ಒಂದೇ ತಾಟಿನಲ್ಲಿ ಉಣ್ಣುತ್ತಿದ್ದರು. ಯಾರು ಮೊದಲು ಹೋದರೂ ಇನ್ನೊಬ್ಬಳು ಎದುರಿಗೆ ಕೂತು ಅಳಬೇಕೆಂದು ಮಾತಾಗಿತ್ತು. ಬೇಸಿಗೆ ರಜೆಯಲ್ಲಿ ನಾನೂ ಅಲ್ಲೇ ಇರುತ್ತಿದ್ದೆ. ಆ ಅಜ್ಜಿಯ ಮಗನನ್ನು ಇಂಡಿ ಕಾಕಾ ಎನ್ನುತ್ತಿದ್ದೆವು. ನನಗೆ ಸೈಕಲ್ ಕಲಿಸಿದವನು ಅವನೇ. ಹಿಂದೆ ಹಿಡಿದುಕೊಂಡು ಓಡುತ್ತ "ಬಿಡ್ಲೇನ?" ಎಂದು ಕೇಳುವನು. ನಾನು ಹೆದರಿಕೊಂಡೇ "ಹೂಂ" ಎನ್ನುವೆ. ಎಷ್ಟು ಸಲ ಬಿದ್ದೆನೋ, ಎಷ್ಟು ಸಲ ಎತ್ತಿದನೋ.

ಇಪ್ಪತ್ತಾರು ತುಂಬಿದರೂ ನನ್ನ ಮದುವೆಯಾಗಿರಲಿಲ್ಲ. ಎರಡು ಸಂಬಂಧ ಮುರಿದಿದ್ದವು. ಅದರಲ್ಲಿ ಒಂದು, ಗಂಡಿನ ಕಡೆಯವರು ಬರುವ ದಿನವೇ ಅವರಲ್ಲಿ ಯಾರೋ ತೀರಿಕೊಂಡು, ಹುಡುಗಿಯ ಕಾಲ್ಗುಣ ಸರಿಯಿಲ್ಲವೆಂದು ಮುರಿದದ್ದು. ಮೂರನೆಯವನು ಸಿಂದಗಿಯ ಮಾಸ್ತರ. ನೋಡಲು ಬಂದಾಗ ನನಗೆ ಹಾಡಲು ಹೇಳಲಿಲ್ಲ, ಎದ್ದು ನಡೆ ಎನ್ನಲಿಲ್ಲ, ಏನು ಓದುತ್ತಿದ್ದೀರಿ ಎಂದು ಕೇಳಿದ. ಅವನು ಬಿಟ್ಟರೆ ಯಾರೂ ಬೇಡ ಎಂದು ನಾನು ಆ ಕ್ಷಣವೇ ನಿರ್ಧರಿಸಿಬಿಟ್ಟೆ.

ನಿಶ್ಚಯದ ದಿನ ಬೆಳಿಗ್ಗೆ ಹೋಳಿಗೆಗೆ ಹಿಟ್ಟು ಸಾಲಲಿಲ್ಲ. ನಿಶ್ಚಯದ ಹುಡುಗಿ ಗಿರಣಿಗೆ ಹೋಗುವುದೇ ಎಂದು ದೊಡ್ಡವ್ವ, ಅಂದರೆ ನಮ್ಮ ದೊಡ್ಡಪ್ಪನ ಹೆಂಡತಿ, ಕೂಗುತ್ತಿದ್ದರೂ ನಾನು ಹಿಂದಿನ ಓಣಿಯಿಂದ ಡಬ್ಬಿ ಹಿಡಿದು ಓಡಿದೆ. ಆಗ ಊರಿಗೆಲ್ಲ ಒಂದೇ ಫೋನು, ಅದು ಗಿರಣಿಯಲ್ಲಿ. ಗಿರಣಿಯವನು ಹೊರಗೆ ಬೆಲ್ಟು ಸರಿಮಾಡುತ್ತಿದ್ದ. ಫೋನು ಹೊಡೆದುಕೊಂಡಿತು. ಎತ್ತಿದೆ.

"ಹಲೋ, ಇಂಡಿಯಿಂದ್ರಿ. ನಮ್ಮ ಅವ್ವಗ ಭಾಳ ಜಡ್ಡಾಗೈತಿ, ಇವತ್ತೋ ನಾಳೆಯೋ ಅನ್ನೂಹಂಗ ಐತಿ. ಚಿಗವ್ವನ ಹೆಸರ ಹಿಡದು ಕೂಗಾಕತ್ತಾಳ. ಚಿಗವ್ವಗ ಈಗಿಂದೀಗ ಹೊರಡಾಕ ಹೇಳ್ರಿ. ಕೇಳಿಸ್ತೇನ್ರಿ?"

ಇಂಡಿ ಕಾಕಾನ ಧ್ವನಿ. ಚಿಗವ್ವ ಎಂದರೆ ನಮ್ಮ ಆಯಿ.

"ಹೂಂ" ಎಂದೆ. ಫೋನು ಇಟ್ಟೆ.

ಮನೆಗೆ ಬಂದರೆ ಆಯಿ ಒಲೆಯ ಮುಂದೆ ಹೂರಣ ಉಂಡೆ ಕಟ್ಟುತ್ತಿದ್ದಳು. ನನ್ನನ್ನು ನೋಡಿ ನಕ್ಕಳು. ಈಗ ಹೇಳಿದರೆ ಅವಳು ಕೈ ತೊಳೆದು ಎದ್ದು ಹೋಗುತ್ತಾಳೆ. ಅವಳಿಲ್ಲದೆ ನಿಶ್ಚಯವಿಲ್ಲ. ಗಂಡಿನವರು ಸಾವು ಬದುಕಿನ ಸುದ್ದಿ ಕೇಳಿ ಬಾಗಿಲಿನಿಂದಲೇ ತಿರುಗುತ್ತಾರೆ. ಸಂಜೆ ಹೇಳಿದರಾಯಿತು ಎಂದುಕೊಂಡೆ. ಸಂಜೆ ನಿಶ್ಚಯದ ಸಕ್ಕರೆ ಹಂಚಿ, ಎಲ್ಲರನ್ನೂ ಕಳಿಸಿ, ಆಯಿ ನನ್ನ ತಲೆಯ ಮೇಲೆ ಕೈಯಿಟ್ಟು ಸಂತೋಷಕ್ಕೆ ಅತ್ತಳು. ಬೆಳಿಗ್ಗೆ ಹೇಳಿದರಾಯಿತು ಎಂದುಕೊಂಡೆ. ಬೆಳಿಗ್ಗೆ ಗಿರಣಿಯವನೇ ಓಡುತ್ತ ಬಂದ. ಇಂಡಿ ಅಜ್ಜಿ ನಸುಕಿನಲ್ಲಿ ಹೋದರಂತೆ, ಮಧ್ಯಾಹ್ನಕ್ಕೆ ಮಣ್ಣಂತೆ.

ಅಪ್ಪ, ಆಯಿ, ನಾನು ಹೊರಟೆವು. ನನ್ನನ್ನು ಬೇಡವೆಂದರು, ನಾನು ಕೇಳಲಿಲ್ಲ. ತಾಳಿಕೋಟಿ, ಸಿಂದಗಿ, ಅಲ್ಲಿಂದ ಇಂಡಿ. ಒಂದು ಬಸ್ಸು ಸಿಕ್ಕರೆ ಇನ್ನೊಂದು ಸಿಗಲಿಲ್ಲ. ಮುಟ್ಟಿದಾಗ ಮೂರು ಗಂಟೆ. ಕುಣಿ ಮುಚ್ಚಿ ಮೇಲೆ ನೀರು ಚಿಮುಕಿಸಿದ್ದರು. ನಿನ್ನೆಯೇ ಹೇಳಿದರೂ ಬರಲಿಲ್ಲವೆಂದರೆ ಇನ್ನು ಬರುವುದಿಲ್ಲವೆಂದು ತಿಳಿದಿದ್ದರು. ನಾಲ್ಕು ತಾಲೂಕಿಗೆ ಅತ್ತ ಆಯಿ ಆ ಹಸಿ ಮಣ್ಣಿನ ಮುಂದೆ ನಿಂತು ಬಾಯಿಯನ್ನೇ ತೆರೆಯಲಿಲ್ಲ. "ಮುಖಾನ ಇಲ್ಲ, ಯಾರ ಮುಂದ ಅಳ್ಲಿ?" ಎಂದಳು ಅಷ್ಟೆ.

ಮನೆಯ ಅಂಗಳಕ್ಕೆ ಬಂದಾಗ ಕಾಕಾ ತಂಬಿಗೆಯಲ್ಲಿ ನೀರು ತಂದ.

"ನಿನ್ನಿ ಯಾರಿಗೆ ಹೇಳಿದಿ?" ಎಂದು ಆಯಿ ಕೇಳಿದಳು.

"ಗಿರಣಿಗೆ ಫೋನ್ ಮಾಡಿದ್ನಿ ಚಿಗವ್ವ."

"ಯಾರ ಎತ್ತಿದ್ರು?"

ಕಾಕಾ ತಂಬಿಗೆಯನ್ನು ಇನ್ನೊಂದು ಕೈಗೆ ಬದಲಿಸಿದ. "ಗುರ್ತ ಹತ್ತಲಿಲ್ಲ" ಎಂದ.

ಆಯಿ ತಂಬಿಗೆಗೆ ಹೊಡೆದಳು. ಅದು ಉರುಳುತ್ತ ಹೋಗಿ ನನ್ನ ಕಾಲಿಗೆ ತಾಗಿತು. "ಸುಳ್ಳ ಬೊಗಳಬ್ಯಾಡ. ನನ್ನ ಅಕ್ಕನ ಮುಖ ತಪ್ಪಿಸಿದಿ. ಇನ್ನ ಈ ಮನಿ ನೀರ ನನಗ ವಿಷ." ಅಂದು ಹೊರಟ ಆಯಿ ಇಪ್ಪತ್ಮೂರು ವರ್ಷ ಆ ಮನೆಯ ನೀರು ಮುಟ್ಟಲಿಲ್ಲ. ನನ್ನ ಮದುವೆಗೆ ಕಾಕಾನನ್ನು ಕರೆಯಲಿಲ್ಲ. ನಾನು ಹೇಳಬಹುದಿತ್ತು. ಮದುವೆಯಾಗಲಿ ಎಂದೆ, ಬಸುರಿ ಎಂದೆ, ಮಗಳ ಹೆಸರಿಡುವ ಕಾರ್ಯ ಆಗಲಿ ಎಂದೆ. ಇಪ್ಪತ್ಮೂರು ವರ್ಷ ಹೀಗೇ ನುಂಗಿದೆ. ಹೇಡಿ ಎಂದು ಬೇರೆ ಯಾರೂ ಅನ್ನಬೇಕಿಲ್ಲ, ನಾನೇ ಅಂದುಕೊಂಡಿದ್ದೇನೆ.

ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನಾನು ಸಿಂದಗಿಯ ಸಾಲೆಯಲ್ಲಿ ಪಾಠ ಮಾಡುತ್ತಿದ್ದೆ. ದೊಡ್ಡವ್ವನ ಫೋನು ಬಂತು. "ಆಯಿ ಹೋದಳಽ, ಹಡದವ್ವ ಹೋದಳು" ಎಂದು ಒದರಿ ಇಟ್ಟಳು. ನನ್ನ ಬಸ್ಸು ಸಿಂದಗಿ ನಿಲ್ದಾಣ ಬಿಡುವಷ್ಟರಲ್ಲಿ ನನ್ನ ತಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಆಯಿಯ ಫೋಟೋ ಹಾರ ಸಮೇತ ಹಾಕಿಬಿಟ್ಟಿದ್ದ. ತಾಳಿಕೋಟಿಯಲ್ಲಿ ಬಸ್ಸು ಬದಲಿಸುವಾಗ ಫ್ಲೆಕ್ಸಿನ ಚಿತ್ರವೂ ಬಂತು. ಈ ಹುಡುಗನಿಗೆ ಬದುಕಿನಲ್ಲಿ ಯಾವುದಕ್ಕೂ ಅವಸರವಿಲ್ಲ, ಸತ್ತವರ ಫೋಟೋಕ್ಕೆ ಮಾತ್ರ ಎಲ್ಲಿಲ್ಲದ ಅವಸರ.

ಮುಟ್ಟಿದಾಗ ಮನೆ ತುಂಬಿತ್ತು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತೇವೆ. ಕುಣಿಯೊಳಗೂ ಕೂತೇ ಹೋಗಬೇಕು. ಆಯಿಯನ್ನು ಪಡಸಾಲೆಯ ಗೋಡೆಗೆ ಒರಗಿಸಿ, ಎದೆಗೆ ಸೀರೆ ಸುತ್ತಿ ಗೂಟಕ್ಕೆ ಕಟ್ಟಿ, ಹಣೆ ತುಂಬ ವಿಭೂತಿ ಹಚ್ಚಿ ಕೂಡಿಸಿದ್ದರು. ಬೆಳಿಗ್ಗೆ ಎದ್ದಿರಲಿಲ್ಲವಂತೆ, ಮೈ ತಣ್ಣಗಿತ್ತಂತೆ. ದೊಡ್ಡಪ್ಪ ಮೂಗಿನ ಮುಂದೆ ಹತ್ತಿಯ ಎಳೆ ಹಿಡಿದು ನೋಡಿದನಂತೆ, ಎಳೆ ಅಲ್ಲಾಡಲಿಲ್ಲವಂತೆ. ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದು ಎರಡು ವರ್ಷವಾಗಿತ್ತು. ಎಳೆ ಅಲ್ಲಾಡಿದರೂ ಅವನಿಗೆ ಕಾಣುತ್ತಿರಲಿಲ್ಲ ಎಂದು ಆಗ ಯಾರಿಗೂ ಹೊಳೆಯಲಿಲ್ಲ.

ಅಂಗಳದ ಬೇವಿನ ಕೆಳಗೆ ಇಂಡಿ ಕಾಕಾ ಒಬ್ಬನೇ ನಿಂತಿದ್ದ. ಕೈಯಲ್ಲಿ ಮಲ್ಲಿಗೆ ಹಾರ. ತಲೆ ಪೂರ್ತಿ ಬೆಳ್ಳಗಾಗಿತ್ತು. ಮಣ್ಣಿಗೆ ಬಂದವರನ್ನು ಯಾರೂ ತಡೆಯುವುದಿಲ್ಲ, ಆದರೆ ಯಾರೂ ಮಾತಾಡಿಸಿಯೂ ಇರಲಿಲ್ಲ. ಅವನನ್ನು ನೋಡಿದ್ದೇ ತಲೆ ತಗ್ಗಿಸಿ ದಾಟಿದೆ. ಒಳಗೆ ಹೋಗಿ ಆಯಿಯ ಮುಂದೆ ದಪ್ಪನೆ ಕುಳಿತೆ. ಸುತ್ತ ಹತ್ತಿಪ್ಪತ್ತು ಹೆಂಗಸರು ಒಬ್ಬರ ಮಾತು ಒಬ್ಬರಿಗೆ ಕೇಳದಂತೆ ಅಳುತ್ತಿದ್ದರು. ಹೊರಗೆ ಭಜನೆ. ಜನ್ಮದಲ್ಲಿ ಹಾಡ್ಯಾಡಿ ಅಳದ ನಾನು, ಮಕ್ಕಳಿಗೆ ವ್ಯಾಕರಣ ಕಲಿಸುವ ನಾನು, ಅವಳ ಮುಖ ಹಿಡಿದುಕೊಂಡು ಬಾಯಿ ತೆಗೆದೆ.

"ಗಿರಣ್ಯಾಗ ಫೋನ ಎತ್ತಿದಾಕಿ ನಾನ ನನ್ನವ್ವಾ... ನಿನ್ನ ಅಕ್ಕ ನಿನ್ನ ಕರದಿದ್ಲ ನನ್ನವ್ವಾ... ನನ್ನ ಸಕ್ಕರಿ ಸಲುವಾಗಿ ಸುದ್ದಿ ನುಂಗಿದ್ನೆ ನನ್ನವ್ವಾ... ಕಾಕಾಂದ ತಪ್ಪಿಲ್ಲ ನನ್ನವ್ವಾ... ಮುಖಾ ತಪ್ಪಿಸಿದಾಕಿ ನಾನ ನನ್ನವ್ವಾ..."

ಅವಳ ಹಣೆಯ ಮೇಲಿನ ಒಣ ವಿಭೂತಿ ಬಿರುಕು ಬಿಟ್ಟಿತು.

ಮೊದಲು ನನ್ನ ಕಣ್ಣೀರಿನ ಭ್ರಮೆ ಎಂದುಕೊಂಡೆ. ಇನ್ನೊಂದು ಗೆರೆ ಬಿರುಕು ಬಿಟ್ಟು ಪುಡಿ ಅವಳ ಮೂಗಿನ ಮೇಲೆ ಉದುರಿತು. ಹುಬ್ಬು ಗಂಟಿಕ್ಕಿತ್ತು. ರೆಪ್ಪೆ ಅದುರಿತು. ಕಣ್ಣು ತೆರೆದವು. ನೇರ ನನ್ನನ್ನೇ ನೋಡಿದವು. ಅಯ್ಯೋ ಶಿವನೇ, ಆ ನೋಟ! ನನ್ನ ಕೈ ಇನ್ನೂ ಅವಳ ಗಲ್ಲದ ಮೇಲೇ ಇತ್ತು.

"ಬಾಯಿ ಆರೇತಿ. ನೀರ ಕೊಡ್ರೆ ಯಾರರ" ಎಂದಳು ಆಯಿ.

ಅಬ್ಬಬ್ಬಾ, ಆಮೇಲೆ ಆದದ್ದು! ಹೆಂಗಸರು ಒಬ್ಬರ ಮೇಲೊಬ್ಬರು ಬಿದ್ದು ಓಡಿದರು. ಹಾರ್ಮೋನಿಯಂ ಕುಂಯ್ ಎಂದು ನಿಂತಿತು. ಮುದ್ದೇಬಿಹಾಳದ ಬೀಗರೊಬ್ಬರು ಬರಿಗಾಲಲ್ಲೇ ಓಡಿದವರು ಚಪ್ಪಲಿಗೆ ಮರುದಿನ ಜನ ಕಳಿಸಿದರು. ದೊಡ್ಡವ್ವ ಒಬ್ಬಳೇ ಗಟ್ಟಿಗಿತ್ತಿ. "ಯವ್ವಾ, ಖರೇನಽ ಅದಿಯೇನು?" ಎಂದು ಕೇಳಿ, ನೀರು ಕುಡಿಸಿ, ಕಟ್ಟಿದ ಸೀರೆ ಬಿಚ್ಚಿದಳು. ನಾನು ಕೂತಲ್ಲಿಂದ ಏಳಲಿಲ್ಲ. ಮುದ್ದೇಬಿಹಾಳದ ಡಾಕ್ಟರರು ಸಕ್ಕರೆ ಇಳಿದು ನಾಡಿ ಸಿಗದಷ್ಟು ಸಣ್ಣಗಾಗಿತ್ತು, ಕಫ ಕಟ್ಟಿತ್ತು, ಮಲಗಿಸಿದ್ದರೆ ಹೋಗಿಯೇ ಬಿಡುತ್ತಿದ್ದರು, ಕೂಡಿಸಿದ್ದರಿಂದ ಉಸಿರು ಹಾದಿ ಹಿಡಿಯಿತು ಎಂದರು. ಹೆಣವೆಂದು ಕೂಡಿಸಿದ್ದರಿಂದಲೇ ಆಯಿ ಹೆಣವಾಗಲಿಲ್ಲ.

ಎಲ್ಲರೂ ನಕ್ಕು ಅತ್ತು ಮಾಡುತ್ತಿದ್ದರು. ನನಗೆ ಮಾತ್ರ ಜೀವ ಬಾಯಿಗೆ ಬಂದಿತ್ತು. ಹೆಣದ ಮುಂದೆ ಆಡಿದ ಮಾತು ಕುಣಿಗೆ ಹೋಗಬೇಕು. ಕುಣಿ ಹೊಲದಲ್ಲಿ ಬಾಯಿ ತೆರೆದುಕೊಂಡು ಖಾಲಿ ಬಿದ್ದಿದೆ. ಹಾಗಾದರೆ ನನ್ನ ಮಾತು ಎಲ್ಲಿಗೆ ಹೋಯಿತು? ಆಯಿ ಕೇಳಿದಳೇ?

ನಾಲ್ಕು ದಿನಕ್ಕೆ ಆಯಿ ಆಸ್ಪತ್ರೆಯಿಂದ ಮನೆಗೆ ಬಂದು ಮಂಚದ ಮೇಲೆ ದರ್ಬಾರು ಶುರುಮಾಡಿದಳು. ಮೊದಲು ಫ್ಲೆಕ್ಸು ತರಿಸಿ ನೋಡಿದಳು. "ಈ ಫೋಟೋದಾಗ ನಾ ಅತ್ತಂಗ ಕಾಣಸ್ತೇನಿ. ಇರಲಿ, ಇಟ್ಟಿರ್ರಿ, ತಾರೀಖ ಅಷ್ಟ ಬದಲ ಮಾಡ್ರಿ" ಎಂದಳು. ಫ್ಲೆಕ್ಸು ಜೋಳದ ಚೀಲಗಳ ಮೇಲೆ ಹೊದಿಕೆಯಾಯಿತು. ಖಾಲಿ ಕುಣಿ ಹಾಗೇ ಬಿಡಬಾರದೆಂದು ಅದನ್ನು ಮುಚ್ಚಿ ಒಂದು ಬೇವಿನ ಸಸಿ ಹಚ್ಚಿದರು. ಆಮೇಲೆ ಆಯಿ ಒಬ್ಬೊಬ್ಬರನ್ನೇ ಕರೆದು ವಿಚಾರಿಸತೊಡಗಿದಳು. ಸಣ್ಣ ಸೊಸೆಗೆ, "ನೀ ಬರೇ ಹೋ ಹೋ ಅಂದಿ, ಒಂದ ಮಾತ ಇರಲಿಲ್ಲ ಅಳುವಿನ್ಯಾಗ" ಎಂದಳು. ಮೂರನೆಯ ಸೊಸೆಗೆ, "ಬಂಗಾರದ ಬಿಲವಾರ ಬಳಿ ನಾ ಹಿರಿ ಸೊಸಿಗೆ ಕೊಟ್ಟೆ ಅನ್ನೂ ಸಿಟ್ಟ ಈಗರ ಬಾಯಿಬಿಟ್ಟಿಯಲ್ಲ" ಎಂದು ನಕ್ಕಳು.

ಅಂದರೆ ಎಲ್ಲ ಕೇಳಿಸಿದೆ. ತನ್ನ ಮೂರನೆಯ ಕಟ್ಟಳೆಯನ್ನು ತಾನೇ ಮುರಿದು ಎಲ್ಲರ ಮಾತನ್ನೂ ಎತ್ತುತ್ತಿದ್ದಾಳೆ. ನನ್ನ ಸರದಿ ಬಂತು. ಆಯಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ಭಾಳ ಸೊರಗಿದಿಯಲ್ಲಽ ಮಾಸ್ತರಬಾಯಿ. ಉಣ್ಣಾಕತ್ತಿ ಇಲ್ಲ?" ಎಂದಳು. ಅಷ್ಟೇ.

ಒಂದು ತಿಂಗಳ ಮೇಲೆ ಅವಳೇ ಫೋನು ಮಾಡಿಸಿದಳು. "ಬಾ, ನನ್ನ ಇಂಡಿಗಿ ಕರಕೊಂಡು ಹೋಗು." ನಾನು ಗಾಡಿ ಮಾಡಿಕೊಂಡು ಹೋದೆ. ಹಾದಿಯುದ್ದಕ್ಕೂ ಅವಳು ಹೊಲ ನೋಡುತ್ತ, ಯಾರ ತೊಗರಿ ಚೆನ್ನಾಗಿದೆ, ಯಾರದ್ದು ಕೆಟ್ಟಿದೆ ಎಂದು ಹೇಳುತ್ತ ಕೂತಳು. ಇಂಡಿ ಮನೆಯ ಅಂಗಳದಲ್ಲಿ ಲಿಂಬೆ ರಾಶಿ ಬಿದ್ದಿತ್ತು. ಕಾಕಾ ಕೈಯಲ್ಲಿದ್ದ ಬುಟ್ಟಿ ಬಿಟ್ಟು ಎದ್ದು ನಿಂತ. ಆಯಿ ಹೊಸ್ತಿಲ ಒಳಗೆ ಹೋಗಿ ಕೂತು, "ನೀರ ಕೊಡೋ" ಎಂದಳು. ಅವನು ತಂದ ತಂಬಿಗೆ ಎತ್ತಿ ಗಟಗಟ ಕುಡಿದು, ಖಾಲಿ ತಂಬಿಗೆಯನ್ನು ಮಗುಚಿ ತೋರಿಸಿದಳು. ಕಾಕಾ ಅವಳ ತೊಡೆಯ ಮೇಲೆ ತಲೆಯಿಟ್ಟು ಅತ್ತ. ಅರವತ್ತು ದಾಟಿದ ಗಂಡಸು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತೆ.

ವಾಪಸು ಬರುವಾಗ ಹೇಳಲೇಬೇಕೆಂದು, "ಆಯಿ, ನಾ ಅವತ್ತ..." ಎಂದೆ.

"ಕಿಡಕಿ ಮುಚ್ಚು. ಗಾಳಿ ಬರಾಕತ್ತೇತಿ" ಎಂದಳು.

ಮುಚ್ಚಿದೆ. ಕ್ಷಮಿಸಿದ್ದಾಳೆ ಎಂದು ತಿಳಿದೆ. ಎಷ್ಟು ಹಗುರಾದೆನೆಂದರೆ ಮರುದಿನ ಸಾಲೆಯಲ್ಲಿ ಯಾರಿಗೂ ಬೈಯಲಿಲ್ಲ. ಆಮೇಲಿನ ಒಂದು ವರ್ಷದಲ್ಲಿ ಆಯಿ ನನಗೆ ಕೊಟ್ಟಷ್ಟು ಪ್ರೀತಿ ಯಾರಿಗೂ ಕೊಡಲಿಲ್ಲ. ಹೋದಾಗಲೆಲ್ಲ ಐವತ್ತರ ಹತ್ತಿರದ ನನ್ನ ತಲೆಗೆ ಎಣ್ಣೆ ಹಚ್ಚಿ ಹೆರಳು ಹಾಕುವಳು. ನಾನು ಬಡಿದ ರೊಟ್ಟಿಯನ್ನು ಬೆಳಕಿಗೆ ಹಿಡಿಯದೆ ತಿಂದಳು. ಅದನ್ನೂ ನಾನು ಕ್ಷಮೆ ಎಂದೇ ಓದಿದೆ.

ಕಳೆದ ವರ್ಷ ಒಂದು ಮಂಗಳವಾರ ದೊಡ್ಡವ್ವನ ಫೋನು ಬಂತು. "ಬಂದ ಹೋಗು. ಅವಸರ ಇಲ್ಲ, ಉಂಡು ಬಾ" ಎಂದಳು. ಆಯಿ ನೆನೆಸಿರಬೇಕೆಂದು ಅವಳ ಬೊಚ್ಚು ಬಾಯಿಗೆ ಆಗುವ ಮೆತ್ತನೆಯ ಬಾಳೆಹಣ್ಣು ಕೊಂಡು ಹೊರಟೆ. ನನ್ನ ಗಂಡ ಹಿಂದಿನ ದಿನವೇ ಬಾಗೇವಾಡಿಯಲ್ಲಿ ಏನೋ ತರಬೇತಿ ಎಂದು ಹೋಗಿದ್ದ. ಬಸ್ಸಿನಲ್ಲಿ ವಾಟ್ಸಾಪ್ ನೋಡಿದೆ. ಗುಂಪಿನಲ್ಲಿ ಎರಡು ದಿನದಿಂದ ಯಾರೂ ಒಂದು ಶುಭೋದಯವನ್ನೂ ಹಾಕಿರಲಿಲ್ಲ. ಆಗಲೂ ನನಗೆ ಏನೂ ಅನ್ನಿಸಲಿಲ್ಲ.

ಅಗಸಿಯಲ್ಲಿ ಫ್ಲೆಕ್ಸು ಕಟ್ಟಿತ್ತು.

ಅದೇ ಅತ್ತಂತೆ ಕಾಣುವ ಫೋಟೋ. ಹಳೆಯ ತಾರೀಖಿನ ಮೇಲೆ ಬಿಳಿ ಕಾಗದ ಅಂಟಿಸಿ ಹೊಸ ತಾರೀಖು ಬರೆದಿದ್ದರು. ನಿನ್ನೆಯದು. ನಾನು ಮಾಸ್ತರಬಾಯಿ, ಓದಲು ಬರುತ್ತದೆ. ಆದರೂ ನಾಲ್ಕು ಸಲ ಓದಿದೆ. ನಿನ್ನೆ. ನಿನ್ನೆ ನಾನು ಮಕ್ಕಳಿಗೆ ಕಾಪಿ ಬರೆಸುತ್ತಿದ್ದೆ. ನಿನ್ನೆ ನಾನು ಅನ್ನ ಸಾರು ಉಂಡು ಮಲಗಿದೆ. ಬಾಳೆಹಣ್ಣಿನ ಚೀಲ ಎಲ್ಲಿ ಬಿತ್ತೋ ಗೊತ್ತಿಲ್ಲ, ಹೊಲದ ಹಾದಿ ಹಿಡಿದು ಓಡಿದೆ.

ಎದೆಮಟ್ಟ ಬೆಳೆದ ಬೇವಿನ ಗಿಡದ ಪಕ್ಕದಲ್ಲಿ ಹೊಸ ಮಣ್ಣು. ಮೇಲೆ ಚಿಮುಕಿಸಿದ ನೀರು ಆಗಲೇ ಆರಿತ್ತು. ದೊಡ್ಡವ್ವ, ಇಂಡಿ ಕಾಕಾ, ನನ್ನ ತಮ್ಮ, ಅವರ ಹಿಂದೆ ತಲೆ ತಗ್ಗಿಸಿ ನನ್ನ ಗಂಡ. ಬಾಗೇವಾಡಿಗೆ ಹೋಗಿದ್ದ ನನ್ನ ಗಂಡ!

"ನಿಮಗೂ ಗೊತ್ತಿತ್ತಾ?" ಎಂದು ಕಿರುಚಿದೆ. "ಎಲ್ಲಾರಿಗೂ ಗೊತ್ತಿತ್ತಾ? ನಾ ಏನ ಪರದೇಶಿ ಇದ್ದೆನಾ? ಮುಖ ನೋಡಾಕ ಬಿಡಲಿಲ್ಲಲ್ಲೋ, ನೀವೇನ ಮನಷಾರೇನೋ?" ತಮ್ಮನಿಗೆ ಹೊಡೆದೆ. ಅವನು ಹೊಡೆಸಿಕೊಂಡ. "ನನಗ ಯಾರ ಹೇಳಬ್ಯಾಡ ಅಂದ್ರು? ಯಾವ ಹಲ್ಕಟ್ ಹೇಳಬ್ಯಾಡ ಅಂದ?"

"ಆಯಿ" ಎಂದಳು ದೊಡ್ಡವ್ವ.

ನಾನು ಅಲ್ಲೇ ಮಣ್ಣಿನಲ್ಲಿ ಕುಳಿತೆ.

"ಹೋಗೂಕಿಂತ ವಾರದ ಮೊದಲ ನಮ್ಮನ್ನೆಲ್ಲ ಕರದು ಕೈಮ್ಯಾಲ ಕೈ ಹಾಕಿಸಿಕೊಂಡ್ಳು. ಆಕಿಗೆ ಮಣ್ಣಾದ ಮ್ಯಾಲನ ಹೇಳ್ರಿ ಅಂದ್ಳು. ನಾ ಭಾಳ ಬ್ಯಾಡ ಅಂದೆ. ಕೇಳಲಿಲ್ಲ. ಹಸಿ ಮಣ್ಣಿನ ಮುಂದ ನಿಂತ್ರ ಹೆಂಗ ಆಗತೈತಿ ಆಕಿಗೂ ಗೊತ್ತಾಗಲಿ ಅಂದ್ಳು." ದೊಡ್ಡವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. "ಇನ್ನೊಂದೂ ಹೇಳ್ಯಾಳ. ನಾ ಇಪ್ಪತ್ಮೂರ ವರ್ಷ ನೀರ ಬಿಟ್ಟೆ. ಆಕಿ ಅಷ್ಟ ದಿನ ಬಿಡಬಾರದು. ಬಂದ ಗಳಿಗ್ಗೆನ ನೀರ ಕೊಡ್ರಿ. ಇಂಡಿ ಮನಿ ನೀರ, ಇಂಡಿಯಂವನ ಕೈಲಿಂದನ ಕೊಡಬೇಕು ಅಂದ್ಳು."

ಕಾಕಾ ಚೀಲದಿಂದ ನೀರಿನ ಕ್ಯಾನು ತೆಗೆದ. ತಂಬಿಗೆಗೆ ಬಗ್ಗಿಸಿದ. ಅದೇ ತಂಬಿಗೆ, ಅವತ್ತು ನನ್ನ ಕಾಲಿಗೆ ತಾಗಿದ್ದು. ಬಿದ್ದು ತಗ್ಗಾದ ಗುರುತು ಹಾಗೇ ಇತ್ತು. ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತ.

ಹೊಡೆಯಬೇಕೆನ್ನಿಸಿತು. ಆಣೆ ಮಾಡಿ ಹೇಳುತ್ತೇನೆ, ಆ ತಂಬಿಗೆಗೆ ಹೊಡೆದು ದೂರ ಹಾರಿಸಬೇಕೆಂದು ನನ್ನ ಕೈ ಎದ್ದಿತ್ತು. ಆಯಿಯ ಸಿಟ್ಟು ಎಂಥದಿತ್ತು ಎಂದು ಆಗ ನನಗೆ ತಿಳಿಯಿತು. ಒಂದು ವರ್ಷ ತಲೆಗೆ ಎಣ್ಣೆ ಹಚ್ಚುತ್ತ ಈ ಸಿಟ್ಟನ್ನು ಅವಳು ಎಲ್ಲಿಟ್ಟುಕೊಂಡಿದ್ದಳು! ಕೈ ಕೆಳಗಿಳಿಸಿದೆ. ಹೆಣದ ಮುಂದೆ ಹೇಳಿದ್ದೆ, ಬದುಕಿರುವ ಈ ಮನುಷ್ಯನಿಗೆ ಮಾತ್ರ ಇನ್ನೂ ಹೇಳಿರಲಿಲ್ಲ.

"ಕಾಕಾ, ಆ ಫೋನ ಎತ್ತಿದಾಕಿ ನಾನು."

"ಗೊತ್ತೈತಿ."

"ಆಯಿ ಹೇಳಿದ್ಳೇನು?"

"ಯಾರೂ ಹೇಳಿಲ್ಲವಾ. ನೀ ಹೂಂ ಅಂದಿಯಲ್ಲ, ಅವತ್ತ ಗೊತ್ತಾತು. ಸೈಕಲ್ ಬಿಡೂಮುಂದ ಎಷ್ಟ ಸಲ ಕೇಳೇನಿ ಆ ಹೂಂ."

ಇಪ್ಪತ್ಮೂರು ವರ್ಷ! "ಮತ್ತ ಯಾಕ ಹೇಳಲಿಲ್ಲ ಕಾಕಾ? ನಿಮ್ಮನ್ನ ಸುಳ್ಳಗಾರ ಅಂದ್ಳು, ಮನಿ ಬಿಟ್ಟಳು..."

"ಮರುದಿನ ನೀ ನಮ್ಮ ಅಂಗಳದಾಗ ಬಂದು ನಿಂತಿದ್ದಿ. ಕೊರಳಾಗ ನಿಶ್ಚಯದ ಸರ ಇತ್ತು, ಮುಖದಾಗ ರಕ್ತ ಇರಲಿಲ್ಲ. ನಮ್ಮ ಅವ್ವ ಅಂತೂ ಹೋಗಿದ್ಳು. ನಿನ್ನ ಸಂಬಂಧಾನೂ ಹೋಗಲಿ ಅನ್ನಬೇಕಿತ್ತೇನು ನಾ?" ತಂಬಿಗೆಯನ್ನು ಇನ್ನಷ್ಟು ಮುಂದೆ ಹಿಡಿದ. "ಕುಡಿಯವಾ. ಕೈ ನೋಯಾಕತ್ತಾವು."

ತಂಬಿಗೆ ತೆಗೆದುಕೊಂಡೆ. ಅರ್ಧ ನೀರು ಸೀರೆಯ ಮೇಲೆ ಚೆಲ್ಲಿತು. ಉಳಿದದ್ದನ್ನು ಕುಡಿದೆ. ಕುಡಿದು, ಆಯಿ ಮಾಡಿದಂತೆ, ತಂಬಿಗೆ ಮಗುಚಿ ಕಾಕಾನಿಗೆ ತೋರಿಸಿದೆ.